ಕೆಂಪು ಬಾಣ

ನರಸಾಪುರದ ಲೈನಿನಲ್ಲಿ ನನ್ನ ಕೆಲಸ
ಗಾಜು ನೋಡುವುದು.
ಗಾಜಿನೊಳಗಲ್ಲ, ಗಾಜಿನಾಚೆಗಲ್ಲ,
ಗಾಜನ್ನೇ.
ಬಿಳಿ ದೀಪದ ಕೆಳಗೆ ವಾರೆ ಹಿಡಿದು
ಹನ್ನೊಂದು ಸೆಕೆಂಡು.
ಕೂದಲೆಳೆ ಗೀರು, ಸಾಸಿವೆಯ ಕಾಲುಭಾಗದಷ್ಟು ಚುಕ್ಕೆ,
ಉಗುರಿಗೆ ಮಾತ್ರ ಸಿಗುವ ಅಂಚಿನ ಮುಕ್ಕು.
ಸಿಕ್ಕಿದ ಕಡೆ ಒಂದು ಕೆಂಪು ಬಾಣದ ಸ್ಟಿಕರು,
ಪಕ್ಕದ ತಟ್ಟೆಗೆ.
ಇದಕ್ಕೆ ಅವರಿಟ್ಟ ಹೆಸರು ಕಾಸ್ಮೆಟಿಕ್ ಡಿಫೆಕ್ಟು.
ಫೋನು ಮಾತಾಡುತ್ತದೆ, ಕೇಳಿಸಿಕೊಳ್ಳುತ್ತದೆ, ಏನೂ ಕೆಟ್ಟಿಲ್ಲ;
ನೋಡಲಿಕ್ಕೆ ಸರಿಯಿಲ್ಲ, ಅಷ್ಟೇ.

ನಾವೋ, ನೀಲಿ ಗೌನು, ಟೋಪಿ, ಮಾಸ್ಕು.
ಕಣ್ಣೆರಡು ಬಿಟ್ಟರೆ ಯಾರಲ್ಲೂ ಏನೂ ಕಾಣದು.
ಎಂಟು ಗಂಟೆ ನಾನು ಚೆಂದವೂ ಅಲ್ಲ, ಕುರೂಪವೂ ಅಲ್ಲ.
ಹೇಳಿದರೆ ನಗಬೇಡಿ,
ಆ ಎಂಟು ಗಂಟೆ ನನಗೆ ರಜ ಇದ್ದ ಹಾಗೆ.

ರಾತ್ರಿ ಹಾಸ್ಟೆಲಿನ ಮೇಲಿನ ಮಂಚದಲ್ಲಿ
ಹೊದಿಕೆಯೊಳಗೆ ಒಂದು ಚೌಕ ಬೆಳಕು.
ಹೆಬ್ಬೆರಳು ತಳ್ಳಿದ ಹಾಗೆಲ್ಲ ಬರುತ್ತಾರೆ ಅವರು,
ಹಲ್ಲು ಬೆಳ್ಳುಳ್ಳಿ ಎಸಳು ಬಿಡಿಸಿಟ್ಟಂತೆ,
ಕೆನ್ನೆಗೆ ರಂಧ್ರವೇ ಇಲ್ಲ, ಬೆವರು ಎಲ್ಲಿಂದ ಬರುತ್ತೋ;
'ಏನೂ ಹಚ್ಚಿಲ್ಲ ನೋಡಿ' ಅನ್ನುತ್ತಾರೆ.
ಕ್ಯಾಮೆರಾ ನನ್ನ ಕಡೆ ತಿರುಗಿಸಿಕೊಳ್ಳುತ್ತೇನೆ.
ಹನ್ನೊಂದು ಸೆಕೆಂಡು ಸಾಕು, ಪಳಗಿದ ಕಣ್ಣು:
ಗದ್ದದ ಗಾಯಕ್ಕೊಂದು ಬಾಣ,
ಹುಬ್ಬು ಕೂಡಿದ ಕಡೆ ಒಂದು,
ಮೂಗಿನ ಪಕ್ಕದ ಕಪ್ಪಿಗೆ ಎರಡು.
ತುಟಿ ಮಾತ್ರ ತೆರೆಯುವುದಿಲ್ಲ.
ತೆರೆದರೆ ಸ್ಟಿಕರಿನ ಇಡೀ ಹಾಳೆ ಸಾಲದು.

ನಮ್ಮೂರ ನೀರು ಹಾಗೆ.
ಏಳ್ನೂರು ಅಡಿಯಿಂದ ಮೇಲೆ ಬರುವಾಗ
ಕಲ್ಲಿನ ಯಾವುದೋ ಹಳೇ ಸಿಟ್ಟು ಹೊತ್ತು ತಂದು
ಹಾಲುಹಲ್ಲು ಬಿದ್ದ ಜಾಗದಲ್ಲಿ ಬರೆದುಬಿಡುತ್ತದೆ:
ಕಂದು ಗೆರೆ, ಸುಣ್ಣದ ಮಚ್ಚೆ.
ಏಳನೇ ಕ್ಲಾಸಿನ ಫೋಟೋದಲ್ಲಿ ಮೂವತ್ತೊಂದು ಜನ
ಬಾಯಿ ಬಿಗಿದು ನಿಂತಿದ್ದೇವೆ, ಸಾವಿನ ಮನೆಗೆ ಬಂದವರಂತೆ.
ಫೋಟೋದವನು ನಗ್ರಮ್ಮಾ, ನಗ್ರೋ ಅಂದಿದ್ದೇ ಅಂದಿದ್ದು.

ತಂಗಿ ಅಂಬುಜವಲ್ಲಿ ಈಗ ಒಂಬತ್ತನೇ ಕ್ಲಾಸು.
ಭಾನುವಾರ ಫೋನಿನಲ್ಲಿ ಪಿಸುಗುಟ್ಟಿದಳು:
'ಅಕ್ಕಾ, ಡೂಂಲೈಟ್ ಸರ್ಕಲ್ ಹತ್ರ ಒಬ್ಬ ಡಾಕ್ಟ್ರು
ಹಲ್ಲಿನ ಮೇಲೆ ಹಲ್ಲು ಅಂಟಿಸ್ತಾರಂತೆ.
ಒಂದಕ್ಕೆ ನಾಲ್ಕೂವರೆ ಸಾವಿರ.
ನಗುವಾಗ ಕಾಣೋದು ಎಂಟೇ ಅಲ್ವಾ?'
ಎಂಟು ಹಲ್ಲೆಂದರೆ ನನ್ನ ಎರಡೂವರೆ ತಿಂಗಳ ಗಾಜು.
ಬೇಡ ಅನ್ನಲಿಲ್ಲ. ಬೇಡ ಅನ್ನಲು ಯಾವ ಬಾಯಿ?

ಫಿಲ್ಟರಿಗೆ ದುಡ್ಡಿಲ್ಲ, ನಮ್ಮೂರೂ ಗೊತ್ತಿಲ್ಲ.
ಒಂದು ಸಲ ಒತ್ತಿದರೆ ಬೋರನ್ನೇ ಮುಚ್ಚಿಬಿಡುತ್ತದೆ.
ಬಿಳಿ ಹಲ್ಲಿನ ಆ ಹುಡುಗಿಗೆ ಇನ್ನೂರ ಹದಿನಾಲ್ಕು ಲೈಕು.
ಅವಳ ಮೇಲೆ ನನಗೆ ಹೊಟ್ಟೆಕಿಚ್ಚು,
ನನ್ನ ಓಲೆಯನ್ನೇ ಹಾಕಿಕೊಂಡು
ನನಗಿಂತ ಚೆನ್ನಾಗಿದ್ದಾಳೆ.

ಮೊನ್ನೆ ಕ್ಯಾಂಟೀನಿನಲ್ಲಿ
ಬಾಗೇಪಲ್ಲಿ ಕಡೆಯ ಹೊಸ ಹುಡುಗಿ ಶಗುಫ್ತಾ
ಮಾಸ್ಕು ಗದ್ದಕ್ಕೆಳೆದು ಮುದ್ದೆ ಮುರಿಯುತ್ತಾ
ಭಾರ್ಗವಿಯ ಯಾವುದೋ ಮಾತಿಗೆ
ಕಿರುನಾಲಗೆ ಕಾಣುವ ಹಾಗೆ ನಕ್ಕಳು.
ಕಂದು ಗೆರೆ. ಸುಣ್ಣದ ಮಚ್ಚೆ.
ನಾನು ನೋಡಿದ್ದನ್ನು ಅವಳು ನೋಡಿದಳು.
ನನ್ನ ಕೈ ಆಗಲೇ ನನ್ನ ಬಾಯಿ ಮೇಲಿತ್ತು,
ಅಭ್ಯಾಸ.
ಎಡಗೈಯಲ್ಲಿ ಆ ಕೈ ಸರಿಸಿ,
ಬಿಂದಿಗೆಯೊಳಗೆ ಇಣುಕುವಂತೆ ಇಣುಕಿ ಕೇಳಿದಳು,
'ಎಷ್ಟಡಿ ನಿಮ್ಮ ಬೋರು?'
'ಏಳ್ನೂರು.'
'ನಮ್ದು ಒಂಬೈನೂರೈವತ್ತು' ಅಂದಳು,
ಗೆದ್ದವಳ ಹಾಗೆ.

ಸುಳ್ಳು ಯಾಕೆ, ಆ ರಾತ್ರಿಯೂ ಫಿಲ್ಟರು ಹಾಕಿದೆ.
ಬಿಳಿ ಹಲ್ಲಿನವಳು ಬಂದು ಕೂತಳು.
'ಯಾವೂರಮ್ಮ ನಿಂದು?' ಕೇಳಿದೆ.
'ಎಷ್ಟಡಿ?'
ನಗುತ್ತಲೇ ಇದ್ದಳು ಪಾಪ,
ಅವಳಿಗೆ ನೀರೇ ಗೊತ್ತಿಲ್ಲ.